ಏಳನೇ ಬೋಗಿಯ ಲೆಕ್ಕ

ಅಲ್ಮಾಟಿಯಿಂದ ಅತಿರೌಗೆ ಎರಡು ರಾತ್ರಿ, ಮೂರನೆಯದರ ಅರ್ಧ.
ನನ್ನ ಬೋಗಿಯಲ್ಲಿ ಐವತ್ತನಾಲ್ಕು ಹಾಸಿಗೆ,
ಐವತ್ತನಾಲ್ಕು ಜೊತೆ ಚಾದರ, ಇಪ್ಪತ್ತು ಟೀ ಗ್ಲಾಸು,
ಬಿಸಿನೀರಿನ ಒಂದು ಹಂಡೆ, ಒಂದು ಹಳದಿ ಬಾವುಟ,
ಒಬ್ಬಳು ನಾನು, ಬಾಲ್ಜಾನ್.
ಹನ್ನೊಂದು ವರ್ಷದ ಸರ್ವೀಸು.

ಪರದೇಶದವರು ಹತ್ತುತ್ತಲೇ ಗೊತ್ತಾಗುತ್ತದೆ:
ಬೆನ್ನಿಗೆ ತಮ್ಮಷ್ಟೇ ತೂಕದ ಚೀಲ,
ಎದೆಗೆ ಇನ್ನೊಂದು, ಕೂಸಿನ ಹಾಗೆ.
ನಮ್ಮವರು ಐದೇ ನಿಮಿಷಕ್ಕೆ ಮನೆಬಟ್ಟೆ ತೊಟ್ಟು
ಬೇಯಿಸಿದ ಮೊಟ್ಟೆ ಸುಲಿಯುತ್ತ
ಪಕ್ಕದವರ ಸೊಸೆಯ ವಿಚಾರಕ್ಕೆ ಕೈಹಾಕಿರುತ್ತಾರೆ.
ಇವರು ಬೂಟು ಬಿಚ್ಚದೆ ಟಿಕೆಟ್ ಹಿಡಿದೇ ಕೂತಿರುತ್ತಾರೆ,
ಯಾರಾದರೂ ಎಬ್ಬಿಸಿಯಾರು ಎಂಬಂತೆ.

ಕೇಳುವುದು ಮೂರೇ ಪ್ರಶ್ನೆ.
ಕಕ್ಕಸಿಗೆ ಯಾಕೆ ಬೀಗ? ಊರು ಬಂತು, ಅದಕ್ಕೆ.
ಯಾವಾಗ ತೆಗೆಯುತ್ತೀರಿ? ಊರು ಹೋಗಲಿ, ತಡೆದುಕೊ ಮಗನೇ.
ಸಮುದ್ರ ಎಷ್ಟು ಹೊತ್ತಿಗೆ ಬರುತ್ತದೆ?

ಅರಾಲ್ ಸಮುದ್ರ ಎಂದು ಫಲಕವಿದೆ. ಸ್ಟೇಷನ್ನಿದೆ.
ಒಣಮೀನು ಮಾರುವ ಹೆಂಗಸರಿದ್ದಾರೆ.
ಸಮುದ್ರ ಮಾತ್ರ, ನಮ್ಮಮ್ಮ ಮದುವೆಯಾಗುವ ಹೊತ್ತಿಗೇ
ಇಳಿದುಹೋಗಿತ್ತು, ಯಾರಿಗೂ ಹೇಳದೆ.

ಹೋದ ಸೆಪ್ಟೆಂಬರಿನಲ್ಲಿ ಪುಸಾನಿನ ಮುದುಕನೊಬ್ಬ ಬಂದ.
ಓ ಬ್ಯೊಂಗ್‌ಛೊಲ್ ಎಂದಿತ್ತು ಟಿಕೆಟ್ಟಿನಲ್ಲಿ;
ನನ್ನ ನಾಲಗೆ ಹೊರಳಲಿಲ್ಲ,
ಹಾಸಿಗೆಯ ನಂಬರಿನಿಂದ 'ಇಪ್ಪತ್ಮೂರು' ಎಂದೇ ಕರೆದೆ.
ಮೂರರಲ್ಲಿ ಒಂದನ್ನೂ ಅವನು ಕೇಳಲಿಲ್ಲ.
ಫೋನಿಗೆ ಏನೋ ಹೇಳಿ ನನ್ನ ಕಿವಿಗೆ ಹಿಡಿದ.
ಫೋನು ರಷ್ಯನ್ನಿನಲ್ಲಿ, ವಾರ್ತೆ ಓದುವ ಹೆಂಗಸಿನ ದನಿಯಲ್ಲಿ:
ಅಜ್ಜನ ಅಣ್ಣ ಇದೇ ಹಳಿಯ ಮೇಲೆ ಬಂದ. ಮೂವತ್ತೇಳರಲ್ಲಿ.
ದನ ಸಾಗಿಸುವ ಬೋಗಿ. ಎಲ್ಲಿಗೆ ಎಂದು ಯಾರೂ ಹೇಳಲಿಲ್ಲ.
ನೂರ ಹನ್ನೆರಡನೇ ಸೈಡಿಂಗಿನಲ್ಲಿ ಹೆಂಡತಿಯನ್ನು ಇಳಿಸಿದರು.
ಅಷ್ಟರಲ್ಲಿ ಅವಳು ತಣ್ಣಗಾಗಿದ್ದಳು.
ಅವನ ಕಾಗದ ನಮಗೆ ಮುಟ್ಟಿದ್ದು ಐವತ್ತೆರಡು ವರ್ಷಕ್ಕೆ.
ಅಲ್ಲಿ ಗಾಡಿ ಎಷ್ಟು ಹೊತ್ತು ನಿಲ್ಲುತ್ತದೆ?

ಎರಡು ಬೆರಳು ತೋರಿಸಿದೆ.
ಅವನು ನಾಲ್ಕು ತೋರಿಸಿದ, ಸಂತೆಯ ಚೌಕಾಸಿಯಂತೆ.
ನಾನು ಮತ್ತೆ ಎರಡು.
ವೇಳಾಪಟ್ಟಿ ನಮ್ಮಪ್ಪನ ಆಸ್ತಿಯೇನಲ್ಲ.

ಬೆಳಕು ಹರಿಯುವ ಹೊತ್ತು.
ಎಬ್ಬಿಸಲು ಹೋದರೆ ಆಗಲೇ ಕೋಟು ತೊಟ್ಟು ಬಾಗಿಲಲ್ಲಿದ್ದ.
ಕೈಯಲ್ಲಿ ನನ್ನ ಗ್ಲಾಸು, ಲೋಹದ ಹಿಡಿಯ ಸಮೇತ,
ಅಂಚಿನವರೆಗೆ ಚಹಾ, ಹಬೆಯಾಡುತ್ತ.
ಅಲ್ಲಿ ಪ್ಲಾಟ್‌ಫಾರ್ಮಿಲ್ಲ. ಜಲ್ಲಿ, ಒಂದು ದೀಪ, ಒಂದು ನಾಯಿ,
ಆಮೇಲೆ ಬಯಲು, ಬಯಲು ಮುಗಿದ ಮೇಲೆ ಮತ್ತೆ ಅದೇ.
ಎಡಕ್ಕೆ ನಾಲ್ಕು ಹೆಜ್ಜೆ ಹೋದ. ನಿಂತ.
ತಿರುಗಿ ಬಲಕ್ಕೆ ಬಂದ.
ಯಾವ ಕಡೆ ಎಂದು ಕಾಗದದಲ್ಲಿ ಇರಲಿಲ್ಲವೇನೋ.
ಕೊನೆಗೆ ಮೂರನೇ ಕಂಬದ ಬುಡದಲ್ಲಿ ಮಂಡಿಯೂರಿದ.

ಆರನೇ ಬೋಗಿ ಬಾವುಟ ಹಿಡಿಯಿತು.
ಎಂಟನೆಯದೂ ಹಿಡಿಯಿತು.
ನನ್ನದು ಬಿಚ್ಚಿಕೊಳ್ಳಲಿಲ್ಲ.
ಹನ್ನೊಂದು ವರ್ಷದಲ್ಲಿ ಮೊದಲ ಸಲ ದಾರ ಗಂಟುಬಿದ್ದಿತ್ತು,
ಬಿಡಿಸಲು ಮೂರು ನಿಮಿಷ ಹಿಡಿಯಿತು ಎಂದು
ಮೇಲಿನವರಿಗೆ ಬರೆದುಕೊಟ್ಟಿದ್ದೇನೆ.

ಬರಿಗೈಯಲ್ಲಿ ಮರಳಿದ. ಮೊಣಕಾಲಿನ ಮಣ್ಣು ಕೊಡವಿ
ಬೂಟು ಬಿಚ್ಚಿಟ್ಟು ಒಳಗೆ ಬಂದ.
ಎದುರು ಹಾಸಿಗೆಯ ಸೌಲೆ ಅಜ್ಜಿ
ಏನೂ ಕೇಳದೆ ಒಂದು ಮೊಟ್ಟೆ ಸುಲಿದು ಕೊಟ್ಟಳು.
ಉಪ್ಪು ಮುಂದೆ ಸರಿಸಿದಳು.

ಅತಿರೌನಲ್ಲಿ ಎಣಿಸಿದಾಗ ಗ್ಲಾಸು ಹತ್ತೊಂಬತ್ತು.
'ಒಡೆಯಿತು' ಎಂದು ಬರೆದು ಸಂಬಳದಲ್ಲಿ ಮುರಿಸಿಕೊಂಡೆ.
ಮುಂದಿನ ಟ್ರಿಪ್ಪಿನಲ್ಲಿ ಕಂಬದ ಬುಡದಲ್ಲಿ ಅದು ಮಿಂಚಿತು.
ಅದೇನು ಎಂದಳು ಇಟಲಿಯ ಹುಡುಗಿ.
ಬಾಟಲಿ ಎಂದೆ.

ಹಿಮ ಬಂತು, ಹೋಯಿತು.
ಈಗ ಅದು ಅಲ್ಲಿಲ್ಲ.
ಹಳಿ ಕಾಯುವವನು ಯಾವನೋ ಎತ್ತಿಕೊಂಡಿರಬೇಕು.
ಅಲ್ಲಿಯ ಚಳಿ ನನಗೆ ಗೊತ್ತು.
ಕುಡಿಯಲಿ.